“ಮೊದಲು ಮದುವೆಯಾಗಲಿ, ಪರೀಕ್ಷೆ ಆಮೇಲೆ”

ಮನೆಯಲ್ಲಿ ಸ್ತನ ಕ್ಯಾನ್ಸರ್ ಕಂಡ ಹೆಣ್ಣುಮಕ್ಕಳು ಆನುವಂಶಿಕ ಪರೀಕ್ಷೆಗೆ ಹಿಂದೇಟು ಹಾಕುವುದನ್ನು ದಿನವೂ ನೋಡುತ್ತೇನೆ. ಖರ್ಚಿಗಿಂತ ಹೆಚ್ಚಾಗಿ, ವರದಿ ಬಂದ ಮೇಲೆ ಯಾರು ಯಾರನ್ನು ದೂರುತ್ತಾರೋ ಎಂಬ ಅಂಜಿಕೆ ಅವರನ್ನು ತಡೆಯುತ್ತದೆ. ಅದಕ್ಕಾಗಿಯೇ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಬರೆಯುತ್ತಿದ್ದೇನೆ.

ತಾಯಿ ನಲವತ್ತರ ಆಸುಪಾಸಿನಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗುಣವಾದವರು. ಇಪ್ಪತ್ತೆಂಟರ ಮಗಳಿಗೆ ಗಂಡು ನೋಡುತ್ತಿದ್ದರು. ಮಗಳು ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ ಎಂದರೆ ತಾಯಿ ಬೇಡವೆನ್ನುತ್ತಿದ್ದರು. ಮೊದಲು ತಾಯಿಯದೇ ಆಗಬೇಕು ಎಂದು ನಾನು ಹೇಳಿದಾಗ ಅವರು ಮುಖ ತಿರುಗಿಸಿದರು.

ಎರಡನೆಯ ಭೇಟಿಯಲ್ಲಿ ವಂಶವೃಕ್ಷ ಬರೆಯಲು ಕುಳಿತೆವು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ಕ್ಯಾನ್ಸರ್ ಬಂದವರದಕ್ಕೆ ಕಪ್ಪು. ತಾಯಿಯ ತವರಿನಲ್ಲಿ ಅವರಮ್ಮನ ಕಡೆ ಒಂದೂ ಕಪ್ಪಾಗಲಿಲ್ಲ. ಅಪ್ಪನ ಕಡೆಯವರನ್ನು ಕೇಳಿದೆ. “ಅಪ್ಪನಿಗೇನೂ ಇರಲಿಲ್ಲ, ಮೇಡಂ. ಸೋದರತ್ತೆಯರಿಬ್ಬರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದರು. ಗಡ್ಡೆ ಎಂದಿದ್ದರು.” ಅದು ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು ಎಂದು ಹೇಳಿ, ಆ ಎರಡು ವೃತ್ತಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಡುವೆ ಅವರ ತಂದೆಯ ಚೌಕ ಖಾಲಿಯಾಗಿಯೇ ಇತ್ತು. ಸ್ತನ, ಅಂಡಾಶಯ ಎರಡರ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುವ ವಂಶವಾಹಿಯ (ಜೀನ್) ದೋಷ ಗಂಡಸರ ಮೂಲಕವೂ ಇಳಿದುಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ವಿವರಿಸಿದೆ.

ತಾಯಿ ಆ ಚೌಕದ ಮೇಲೆ ಬೆರಳಿಟ್ಟರು. “ನನ್ನಿಂದಲೇ ಮಗಳಿಗೆ ಬಂತು ಎಂದು ಕಾಗದದಲ್ಲಿ ಬರೆದುಕೊಡುತ್ತೀರಲ್ಲ, ಅದು ನನಗೆ ಬೇಡವಾಗಿತ್ತು” ಎಂದರು. ನಾನು ಕೇಳಿದೆ: “ನಿಮಗೆ ಇವರಿಂದ ಬಂದಿದ್ದರೆ ಇವರನ್ನು ದೂರುತ್ತೀರಾ?” “ಛೇ, ಪಾಪ, ಅವರಿಗೇನು ಗೊತ್ತಿತ್ತು!” ಮಗಳು ತಾಯಿಯ ಕೈ ಹಿಡಿದುಕೊಂಡಳು. ಆ ವಾರವೇ ತಾಯಿ ರಕ್ತ ಕೊಟ್ಟರು. ಬಿಆರ್‌ಸಿಎ1 ಎಂಬ ವಂಶವಾಹಿಯಲ್ಲಿ ದೋಷ ಕಂಡಿತು.

ತಾಯಿಯದೇ ಮೊದಲು ಎಂದು ನಾನು ಹಟ ಹಿಡಿಯಲು ಕಾರಣವಿದೆ. ಕಾಯಿಲೆ ಬಂದವರಲ್ಲಿ ದೋಷ ಯಾವುದೆಂದು ತಿಳಿಯದೆ ಮಗಳನ್ನು ಮಾತ್ರ ಪರೀಕ್ಷಿಸಿ ‘ಇಲ್ಲ’ ಎಂದು ಬಂದರೆ, ಅದನ್ನು ನಂಬಿ ನಿರಾಳವಾಗಿರುವಂತಿಲ್ಲ. ತಿಳಿದ ಮೇಲಾದರೆ ಅದೊಂದನ್ನೇ ಹುಡುಕಿದರೆ ಸಾಕು, ಉತ್ತರವೂ ಖಚಿತ.

ಮಗಳು ಆಗ, “ನನಗೆ ಸ್ವಲ್ಪ ಸಮಯ ಬೇಕು” ಎಂದಳು. ನಾನು ಒಪ್ಪಿದೆ. ಬಿಆರ್‌ಸಿಎ1 ದೋಷವಿರುವ 100 ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ, ಹಾಗಿದ್ದೂ ಏಕೆ ಒತ್ತಾಯಿಸಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಮ್ಮೆ ತಿಳಿದದ್ದನ್ನು ಮರಳಿ ಮರೆಯಲಾಗದು. ಆದ್ದರಿಂದ ತಿಳಿಯುವ ಗಳಿಗೆಯನ್ನು ಆರಿಸಿಕೊಳ್ಳುವ ಹಕ್ಕು ಅವಳದೇ. ಅಲ್ಲಿಯವರೆಗೆ ದೋಷ ಇದೆಯೆಂದೇ ಭಾವಿಸಿ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಮಾಡಿಸಬೇಕೆಂದು ಹೇಳಿದೆ, ಅದನ್ನವಳು ಮಾಡಿಸುತ್ತಿದ್ದಾಳೆ. ಮದುವೆಯ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ದಲ್ಲಾಳಿಯ ಬಾಯಲ್ಲಿ ಬೇಡ, ನಿಶ್ಚಿತಾರ್ಥಕ್ಕೆ ಮೊದಲು ಹುಡುಗನಿಗೆ ಅವಳೇ ಹೇಳಲಿ.

ಹೊರಡುವಾಗ ತಾಯಿ, “ಮಗ ಗಂಡಸು, ಅವನಿಗೆ ಹೇಳಬೇಕಾಗಿಲ್ಲ ಅಲ್ಲವೇ?” ಎಂದರು. ವಂಶವೃಕ್ಷದ ಹಾಳೆಯನ್ನು ಮತ್ತೆ ಬಿಡಿಸಿದೆ. ಮಗನಿಗೂ ಹೇಳಬೇಕು, ಅವನಿಗೆ ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದಾರೆ.