ಬೆಲ್ಟಿನ ಪಕ್ಕ ನಿಂತವರನ್ನು ಕೇಳಿದಿರಾ?

ತೀರ್ಥಹಳ್ಳಿ ಹತ್ತಿರ ಅಡಿಕೆ ಸುಲಿಯುವ ಶೆಡ್ ನಡೆಸುವ ಯುವಕರೊಬ್ಬರು ಬರೆದಿದ್ದಾರೆ: ‘ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾದವರು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಕೊಟ್ಟಿರುವ ಒಂದು ಟೂಲ್ ಸಿಕ್ಕಿತು. ಆಟದ ಹಾಗಿದೆ. ಪರದೆ ಮೇಲೆ ಬರುವ ಕಾರ್ಖಾನೆಯೊಳಗೆ ಓಡಾಡಿ ಅಪಾಯ ಎಲ್ಲೆಲ್ಲಿದೆ ಅಂತ ಗುರುತಿಸಬೇಕು. ಎರಡು ರಾತ್ರಿ ಕೂತು ಕಲಿತೆ. ಆಮೇಲೆ 8 ಜನ ಹೆಂಗಸರು ಕೆಲಸ ಮಾಡುವ ನಮ್ಮ ಶೆಡ್ ಸುತ್ತಿ 11 ಅಪಾಯ ಪಟ್ಟಿ ಮಾಡಿದೆ. 30 ವರ್ಷದಿಂದ ಏನೂ ಆಗಿಲ್ಲ, ಇದೆಲ್ಲ ಯಾಕೆ ಅಂತಾರೆ ಅಪ್ಪ. ಮಲೆನಾಡಿನ ಎಲ್ಲ ಶೆಡ್ಡಿನವರೂ ಇದನ್ನು ಬಳಸಬೇಕು ಅಂತ ನೀವು ಬರೆಯಬೇಕು.’

ಮೊದಲು ಶಹಬ್ಬಾಸ್. ರಾತ್ರಿ ನಿದ್ದೆಗೆಟ್ಟು ಇಂಥದ್ದನ್ನು ಕಲಿಯುವ ಮಾಲೀಕರು ಎಷ್ಟು ಜನ ಇದ್ದಾರೆ? ಟೂಲ್ ಒಳ್ಳೆಯದೇ. ಕಣ್ಣು ಪಳಗಲು ಅದು ಬೇಕು. ಅಪ್ಪನ ಮಾತನ್ನು ಮಾತ್ರ ಒಪ್ಪಬೇಡಿ. ಆ 30 ವರ್ಷದಲ್ಲಿ ಎಷ್ಟು ಕೈ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿವೆ ಅಂತ ಅವರು ಎಣಿಸಿಲ್ಲ.

ಆದರೆ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ 8 ಜನ ಹೆಂಗಸರು ಏನು ಹೇಳಿದರು ಅಂತ ಒಂದು ಸಾಲೂ ಇಲ್ಲ. ಪಟ್ಟಿ ಮಾಡುವಾಗ ಅವರನ್ನು ಕೇಳಿದಿರಾ?

ಪತ್ರಿಕೆಗೆ ಬರುವ ಮೊದಲು ನಾನು ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಅಲ್ಲಿ ಅಚ್ಚು ಹಾಕುವ ಒಂದು ಟ್ರೆಡಲ್ ಮಷೀನ್. ಅದು ಬಾಯಿ ತೆರೆದಾಗ ಬಲಗೈಯಿಂದ ಕಾಗದ ಇಡಬೇಕು, ಎಡಗೈಯಿಂದ ಅಚ್ಚಾದದ್ದನ್ನು ತೆಗೆಯಬೇಕು. ಬಾಯಿ ಮುಚ್ಚುವುದರೊಳಗೆ ಎರಡೂ ಕೈ ಹೊರಗಿರಬೇಕು. ನಡೆಸುತ್ತಿದ್ದವರು ನಮಗೆಲ್ಲ ಅಣ್ಣನ ಹಾಗಿದ್ದರು. ‘ಸದ್ದು ಸರಿ ಇಲ್ಲ, ಹಿಡಿ ಎಳೆದರೂ ತಡವಾಗಿ ನಿಲ್ತಾ ಇದೆ’ ಅಂತ ಒಂದು ವಾರದಿಂದ ಹೇಳುತ್ತಿದ್ದರು. ಮದುವೆಗಳ ಕಾಲ. ಲಗ್ನಪತ್ರಿಕೆಗಳ ಕೆಲಸ ರಾಶಿ ಬಿದ್ದಿತ್ತು. ‘ಈ ವಾರ ಕಳೀಲಿ’ ಅಂದರು ಮಾಲೀಕರು. ಶನಿವಾರ ಮಧ್ಯಾಹ್ನ ಅಣ್ಣನ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಆ ಲಗ್ನಪತ್ರಿಕೆಗಳ ಮೇಲೆ ಬಿದ್ದ ಕಲೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಮಷೀನಿನ ಫೋಟೋ ತೆಗೆದು ಯಾರಿಗೆ ತೋರಿಸಿದ್ದರೂ ತಪ್ಪು ಕಾಣುತ್ತಿರಲಿಲ್ಲ. ಅದು ಕಿವಿಗೆ ಗೊತ್ತಾಗುವ ತಪ್ಪು. ದಿನಾ ಅದರ ಮುಂದೆ ನಿಂತವರ ಕಿವಿಗೆ.

ಸಾಗರದ ಕಡೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಮರ ಹತ್ತುವ ಮೊದಲು ಏನು ಮಾಡುತ್ತಾರೆ, ನೋಡಿದ್ದೀರಲ್ವಾ? ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಅಂಗೈಯಿಂದ ಮರವನ್ನು ತಟ್ಟುತ್ತಾರೆ. ‘ಈ ಮರ ಬ್ಯಾಡ ಹೆಗಡೇರೆ’ ಅಂದರೆ ಮುಗಿಯಿತು, ತೋಟದ ಯಜಮಾನರಾದ ಹೆಗಡೇರು ಮರುಮಾತಾಡುವುದಿಲ್ಲ. ತೋಟದಲ್ಲಿ ಇರುವ ಈ ಮರ್ಯಾದೆ ಶೆಡ್ಡಿಗೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ನಿಮ್ಮ ಪಟ್ಟಿಯಲ್ಲಿ ಸುಲಿಯುವ ಯಂತ್ರದ ‘ಬೆಲ್ಟಿಗೆ ಗಾರ್ಡ್ ಇಲ್ಲ’ ಅಂತಿದೆ. ಸರಿ, ನಾಳೆಯೇ ಹಾಕಿಸಿ. ಆದರೆ ಸಿಪ್ಪೆ ಸಿಕ್ಕಿಕೊಂಡಾಗ ಯಂತ್ರ ನಿಲ್ಲಿಸದೆ ಒಳಗೆ ಕೈ ಹಾಕುತ್ತಾರೆ ಅಂದರೆ ಯಾಕೆ? ಸ್ವಿಚ್ ಶೆಡ್ಡಿನ ಆ ತುದಿಯಲ್ಲಿರಬಹುದು. ಕೂಲಿ ಕೆ.ಜಿ. ಲೆಕ್ಕದಲ್ಲಿರಬಹುದು, ಐದು ನಿಮಿಷ ನಿಂತರೆ ಅಷ್ಟು ಕಾಸು ಹೋಯಿತು. ನಮ್ಮ ಕಡೆ ಹೆಂಗಸರು ಸೀರೆ ಮೇಲೆ ಗಂಡನ ಹಳೇ ಶರ್ಟು ಹಾಕಿಕೊಂಡು ಕೆಲಸಕ್ಕೆ ಬರುತ್ತಾರೆ. ಗುಂಡಿ ಕಿತ್ತುಹೋದ ಆ ಉದ್ದ ತೋಳು ಬೆಲ್ಟಿಗೆ ಎಷ್ಟು ಹತ್ತಿರ ಬರುತ್ತದೆ ಅಂತ ಹಾಕಿಕೊಂಡವರಿಗೇ ಗೊತ್ತು. ಅಮೆರಿಕದ ಪರದೆಯಲ್ಲಿ ಆ ಶರ್ಟು ಹೇಗೆ ಬಂದೀತು? ಕೆಲಸಗಾರರನ್ನು ಸೇರಿಸಿಕೊಂಡೇ ಅಪಾಯ ಹುಡುಕಿ ಅಂತ ಓಶಾದವರೂ ತಮ್ಮ ಮಾರ್ಗಸೂಚಿಯಲ್ಲಿ ಹೇಳುತ್ತಾರೆ. ನೀವು ಟೂಲ್ ತಗೊಂಡಿರಿ, ಆ ಮಾತು ಬಿಟ್ಟಿರಿ.

ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಭೋಪಾಲಕ್ಕಿಂತ ದೊಡ್ಡ ಸಾಕ್ಷಿ ಬೇಕಾ? 1981ರ ಕೊನೆಯಲ್ಲೇ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಅನಿಲ ಸೋರಿ ಒಬ್ಬ ಕೆಲಸಗಾರ ಸತ್ತ. ಒಳಗೆ ದುಡಿಯುವವರಿಗೆ ಏನು ಕೆಟ್ಟಿದೆ ಅಂತ ಗೊತ್ತಿತ್ತು. ರಾಜಕುಮಾರ್ ಕೇಸ್ವಾನಿ ಅನ್ನುವ ಪತ್ರಕರ್ತರು 1982ರಲ್ಲಿ ‘ರಪಟ್’ ಅನ್ನುವ ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಊರನ್ನು ಉಳಿಸಿಕೊಳ್ಳಿ ಅಂತ ಮತ್ತೆ ಮತ್ತೆ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತದ್ದು ಎಲ್ಲರಿಗೂ ಗೊತ್ತು. ಆಮೇಲೆ, 1987ರಲ್ಲಿ, ಅಪಾಯದ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಕೆಲಸಗಾರರೂ ಇರುವ ಸುರಕ್ಷತಾ ಸಮಿತಿ ಬೇಕು ಅಂತ ಕಾರ್ಖಾನೆ ಕಾಯ್ದೆಗೆ ಸೇರಿಸಿದರು. ಸಣ್ಣ ಪತ್ರಿಕೆಯವನಾಗಿ ನನಗೆ ಕೇಸ್ವಾನಿಯವರ ನೆನಪು ಜಾಸ್ತಿ ಕಾಡುತ್ತದೆ.

ದೂರದ ಮಾತು ಯಾಕೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನ ಕಲ್ಲು ಕ್ರಷರ್ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ಭೂಕಂಪ ಅಂದುಕೊಂಡು ನಾವೆಲ್ಲ ಮನೆಯಿಂದ ಹೊರಗೆ ಓಡಿ ಬಂದಿದ್ದೆವು. ಬಿರುಕು ಬಿಟ್ಟ ಗೋಡೆ, ಒಡೆದ ಕಿಟಕಿ ಬಗ್ಗೆ ವಾರಗಟ್ಟಲೆ ಮಾತಾಡಿದೆವು. ಸತ್ತ ಕೆಲಸಗಾರರ ಬಗ್ಗೆ ಅಷ್ಟು ಮಾತಾಡಲಿಲ್ಲ.

ಪ್ರತಿ ವರ್ಷ ಮಾರ್ಚ್ 4ಕ್ಕೆ, ರಾಷ್ಟ್ರೀಯ ಸುರಕ್ಷತಾ ದಿನದಂದು, ನಮ್ಮ ಕಚೇರಿಗೆ ಫೋಟೋಗಳು ಬರುತ್ತವೆ. ಮುಂದೆ ಹೊಸ ಹೆಲ್ಮೆಟ್ ಹಾಕಿಕೊಂಡ ಸಾಹೇಬರು. ಹಿಂದಿನ ಸಾಲಿನಲ್ಲಿ ಹವಾಯಿ ಚಪ್ಪಲಿಯ ಕೆಲಸಗಾರರು. ಗೋಡೆ ಮೇಲೆ ಇಂಗ್ಲಿಷ್ ಬೋರ್ಡು. ಅದನ್ನು ಓದಬೇಕಾದವರಲ್ಲಿ ಅರ್ಧ ಜನ ಭದ್ರಾವತಿ, ಶಿಕಾರಿಪುರದ ಕಡೆಯವರು, ಇನ್ನರ್ಧ ಬಿಹಾರ, ಒಡಿಶಾದವರು. ಯಾರಿಗಾಗಿ ಬರೆದದ್ದು ಅದು? ಎಚ್ಚರಿಕೆಯ ಮಾತು ಕೆಲಸಗಾರರ ಭಾಷೆಯಲ್ಲಿ ಇರದಿದ್ದರೆ ಗೋಡೆಗೆ ಸುಮ್ನೆ ಬಣ್ಣ ಬಳಿದ ಹಾಗೆ. ಕೈ ಹೋದ ಮೇಲೆ ನಾವು ಪತ್ರಿಕೆಯವರು ‘ಆಕಸ್ಮಿಕವಾಗಿ’ ಅಂತ ಬರೆಯುತ್ತೇವೆ. ವಾರದಿಂದ ಹೇಳುತ್ತಿದ್ದ ಮಾತನ್ನು ಕೇಳದೆ ಆದದ್ದು ಆಕಸ್ಮಿಕ ಹೇಗಾಗುತ್ತದೆ? ಆ ಪದವನ್ನು ಇಂಥ ಸುದ್ದಿಗಳಲ್ಲಿ ನಾನು ಹೊಡೆದು ಹಾಕುತ್ತೇನೆ.

ನಿಮ್ಮ ಮೇಲೆ ಕೋಪದಿಂದ ಇಷ್ಟೆಲ್ಲ ಬರೆಯಲಿಲ್ಲ. ನೀವು ಕೇಳಿಸಿಕೊಳ್ಳುವವರು ಅನ್ನಿಸಿತು, ಅದಕ್ಕೆ. ನಾಳೆ ಚಹಾದ ಹೊತ್ತಿಗೆ ಯಂತ್ರ ನಿಲ್ಲಿಸಿ, ಆ 8 ಜನರ ಜೊತೆ ಕೂತುಕೊಳ್ಳಿ. ಅರ್ಧ ಗಂಟೆಯ ಕೂಲಿ ಹಿಡಿಯಬೇಡಿ. ‘ಇಲ್ಲಿ ಯಾವುದಕ್ಕೆ ಹೆದರ್ತೀರಿ?’ ಅಂತ ಕೇಳಿ. ಮೊದಲು ನಕ್ಕು ಸುಮ್ಮನಾಗುತ್ತಾರೆ. ಕಾಯಿರಿ. ಅವರು ಹೇಳಿದ್ದನ್ನು 12ನೆಯದರಿಂದ ಶುರುಮಾಡಿ ಬರೆದು ಕಳಿಸಿ. ಒಂದಕ್ಷರ ತಿದ್ದದೆ ಅಚ್ಚು ಹಾಕುತ್ತೇನೆ.

– ಸಂ.