ರೇಡಾರ್ ಲೆವೆಲ್ ಸೆನ್ಸರ್ ರೀಡಿಂಗ್ ಒಂದೇ ಕಡೆ ನಿಂತುಬಿಟ್ಟರೆ ಮ್ಯಾಪಿಂಗ್ ಮಾಡಬೇಕೇ, ಜಾಗ ಬದಲಿಸಬೇಕೇ?

ನೀವು ಕೊಟ್ಟ ವಿವರ ಇಷ್ಟು: ತಾಳೆಎಣ್ಣೆ ಟ್ಯಾಂಕ್, 3 ಮೀಟರ್ ವ್ಯಾಸ, 6 ಮೀಟರ್ ಎತ್ತರ, ಮೇಲೆ ಡಿಶ್ ಎಂಡ್ (ಬೋಗುಣಿಯಂತೆ ಉಬ್ಬಿದ ಮುಚ್ಚಳ), ನಡುವೆ ಅಜಿಟೇಟರ್ (ಎಣ್ಣೆ ಕಲಕುವ ಯಂತ್ರ). 80 ಮಿ.ಮೀ. ಹಾರ್ನ್ (ಕಹಳೆಯಾಕಾರದ ಆಂಟೆನಾ) ಇರುವ 26 ಗಿಗಾಹರ್ಟ್ಸ್ ರೇಡಾರ್ ಗೋಡೆಯಿಂದ 30 ಸೆಂ.ಮೀ. ದೂರದಲ್ಲಿ, ಸೆನ್ಸರ್ ಕೂರಿಸುವ ಗಿಡ್ಡ ಕೊಳವೆ ಅಂದರೆ ನಾಝಲ್‌ನಲ್ಲಿದೆ. ಎಣ್ಣೆ ಎಷ್ಟು ಇಳಿದರೂ ರೀಡಿಂಗ್ 3.4 ಮೀಟರಿಗಿಂತ ಕೆಳಗೆ ಬರುತ್ತಿಲ್ಲ.

ಮ್ಯಾಪಿಂಗ್, ಅಂದರೆ ಟ್ಯಾಂಕಿನೊಳಗಿನ ಅಡ್ಡಿಗಳಿಂದ ವಾಪಸ್ ಬರುವ ಸುಳ್ಳು ಸಿಗ್ನಲ್ಲನ್ನು (ಎಕೋ) ಗುರುತು ಹಾಕಿಕೊಂಡು ಕಡೆಗಣಿಸುವಂತೆ ಉಪಕರಣಕ್ಕೆ ಹೇಳುವುದು, ಈಗಲೇ ಬೇಡ. ಮೊದಲು ಟೇಪು ಹಿಡಿಯಿರಿ. 3.4 ಮೀಟರ್ ಅಂದರೆ ಸೆನ್ಸರ್‌ನಿಂದ 2.6 ಮೀಟರ್ ಕೆಳಗೆ. ಫಿಲ್ಲಿಂಗ್ ಪೈಪನ್ನು ಗೋಡೆಗೆ ಹಿಡಿದಿರುವ ಬ್ರಾಕೆಟ್ ಅದೇ ಆಳದಲ್ಲಿದೆ, 10 ಸೆಂ.ಮೀ. ಒಳಕ್ಕೆ ಚಾಚಿಕೊಂಡಿದೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಹಾರ್ನ್‌ನ ಬೀಮ್ ಕೋನ ಸುಮಾರು 10 ಡಿಗ್ರಿ, ಅಂದರೆ ಪ್ರತಿ ಮೀಟರ್ ಆಳಕ್ಕೆ ಬೀಮ್ ನಡುಗೆರೆಯಿಂದ ಒಂದೊಂದು ಬದಿಗೆ 8.75 ಸೆಂ.ಮೀ. ಹರಡುತ್ತದೆ. 2.6 ಮೀಟರ್ ಆಳದಲ್ಲಿ ಅದು 23 ಸೆಂ.ಮೀ. ಬ್ರಾಕೆಟ್ಟಿನ ತುದಿ ಇರುವುದು 20 ಸೆಂ.ಮೀ. ದೂರದಲ್ಲಿ. ಹೊಡೆತ ಬಿದ್ದೇ ಬೀಳುತ್ತದೆ.

ತಾಳೆಎಣ್ಣೆಯ ಡೈಎಲೆಕ್ಟ್ರಿಕ್ (ಈ ಸಂಖ್ಯೆ ದೊಡ್ಡದಾದಷ್ಟೂ ಮೇಲ್ಮೈಯಿಂದ ಸಿಗ್ನಲ್ ಹೆಚ್ಚು ವಾಪಸ್ ಬರುತ್ತದೆ) ಸುಮಾರು 3. ಮೇಲ್ಮೈಗೆ ಬಿದ್ದ ಶಕ್ತಿಯಲ್ಲಿ ನೂರಕ್ಕೆ ಏಳರಷ್ಟು ಮಾತ್ರ ವಾಪಸ್ ಬರುತ್ತದೆ. ನೀರಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಬರುತ್ತಿತ್ತು, ಇದೇ ಬ್ರಾಕೆಟ್ ಅಷ್ಟು ಕಾಟ ಕೊಡುತ್ತಿರಲಿಲ್ಲ. ಇಲ್ಲಿ ಸ್ಟೀಲಿನ ಎಕೋ ಮುಂದೆ ಎಣ್ಣೆಯ ಎಕೋ ಸಣ್ಣದಾಗುತ್ತದೆ, ಉಪಕರಣ ದೊಡ್ಡದನ್ನೇ ಲೆವೆಲ್ ಎಂದು ಹಿಡಿದುಕೊಳ್ಳುತ್ತದೆ.

ಖಚಿತ ಮಾಡಿಕೊಳ್ಳಲು ಎಕೋ ಕರ್ವ್ (ಯಾವ ದೂರದಿಂದ ಎಷ್ಟು ಸಿಗ್ನಲ್ ವಾಪಸ್ ಬರುತ್ತಿದೆ ಎಂದು ತೋರಿಸುವ ಗ್ರಾಫ್) ತೆರೆದಿಟ್ಟು 30–40 ಸೆಂ.ಮೀ. ಎಣ್ಣೆ ಇಳಿಸಿ. ಲೆವೆಲ್ ಜೊತೆ ಸರಿಯುವುದು ನಿಜವಾದ ಎಕೋ, ಕದಲದೆ ನಿಂತದ್ದು ಬ್ರಾಕೆಟ್. ಲೆವೆಲ್ ದೂರದ ಎರಡರಷ್ಟು, ಮೂರರಷ್ಟು ದೂರದಲ್ಲಿ ಗೆರೆಗಳು ಎದ್ದರೆ ಅದು ಬೇರೆ ಕಾಯಿಲೆ: ಡಿಶ್ ಎಂಡ್ ಕನ್ನಡಿಯ ಹಾಗೆ ಸಿಗ್ನಲ್ಲನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳುತ್ತಿದೆ. ನಟ್ಟನಡುವೆ ಕೂರಿಸಿದರೆ ಇದು ತೀರಾ ಜಾಸ್ತಿ. ಹಾಗಾಗಿ ಅಜಿಟೇಟರ್ ಇಲ್ಲದಿದ್ದರೂ ಇಂಥ ಟ್ಯಾಂಕಿನ ನಡುವಿಗೆ ರೇಡಾರ್ ಹಾಕಬಾರದು.

ಖರ್ಚಿಲ್ಲದ ಉಪಾಯ ಒಂದಿದೆ, ಅದನ್ನು ಮೊದಲು ನೋಡಿ. ಫ್ಲೇಂಜ್ ಬೋಲ್ಟ್ ಬಿಚ್ಚಿ ಸೆನ್ಸರನ್ನು ತಿರುಗಿಸಿ. 8 ಬೋಲ್ಟಿನ ಫ್ಲೇಂಜ್ ಆದರೆ ಒಂದು ಹೆಜ್ಜೆಗೆ 45 ಡಿಗ್ರಿ. ಪೋಲರೈಸೇಶನ್ ದಿಕ್ಕು (ಸಿಗ್ನಲ್ ತರಂಗ ಕಂಪಿಸುವ ದಿಕ್ಕು) ಬದಲಾದಾಗ ಬ್ರಾಕೆಟ್ಟಿನ ಎಕೋ ಎಷ್ಟೋ ಸಲ ಗಣನೀಯವಾಗಿ ಕುಗ್ಗುತ್ತದೆ. ಜೊತೆಗೆ ಹಾರ್ನ್ ತುದಿ ನಾಝಲ್ಲಿಗಿಂತ ಕನಿಷ್ಠ 10 ಮಿ.ಮೀ. ಕೆಳಗೆ ಇದೆಯೇ, ಒಳಗಡೆಯ ವೆಲ್ಡ್ ಅಂಚು ಗ್ರೈಂಡ್ ಆಗಿ ನುಣುಪಾಗಿದೆಯೇ ನೋಡಿ.

ಅದರಿಂದ ಆಗಲಿಲ್ಲವೆಂದರೆ ಜಾಗವೇ ಬದಲಾಗಬೇಕು. ಡಿಶ್ ಎಂಡ್‌ಗೆ ಅರ್ಧ ತ್ರಿಜ್ಯ ಒಳ್ಳೆಯ ಜಾಗ: ನಿಮ್ಮಲ್ಲಿ ಗೋಡೆಯಿಂದ 75 ಸೆಂ.ಮೀ., ಫಿಲ್ಲಿಂಗ್ ಪೈಪಿನ ಎದುರು ಬದಿಗೆ. 6 ಮೀಟರ್ ಆಳದಲ್ಲೂ ಬೀಮ್ 52 ಸೆಂ.ಮೀ. ಮಾತ್ರ ಹರಡುವುದರಿಂದ ಗೋಡೆ ಸಿಗುವುದಿಲ್ಲ. ಅಜಿಟೇಟರ್ ಬ್ಲೇಡ್ ಮಾತ್ರ ಸಿಗುತ್ತದೆ. ಬ್ಲೇಡ್ ವ್ಯಾಸ 1 ಮೀಟರ್ ಎಂದಿದ್ದೀರಿ, ಹಾಗಾದರೆ ಅದರ ತುದಿ ಸೆನ್ಸರ್ ನಡುಗೆರೆಯಿಂದ ಬರೀ 25 ಸೆಂ.ಮೀ. ದೂರ. 5 ಮೀಟರ್ ಆಳದಲ್ಲಿ ಬೀಮ್ 44 ಸೆಂ.ಮೀ. ಹರಡಿರುತ್ತದೆ. ಹೊಸ ನಾಝಲ್ ಹಾಕಿಸುವ ಖರ್ಚು ಹೇಗೂ ಇದೆ, 4 ಡಿಗ್ರಿಯ 80 ಗಿಗಾಹರ್ಟ್ಸ್ ಉಪಕರಣವನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಅದೇ ಆಳದಲ್ಲಿ ಅದು 17 ಸೆಂ.ಮೀ. ಮಾತ್ರ ಹರಡುತ್ತದೆ. ಆದರೂ ಸೆಂಟಿಮೀಟರ್ ಲೆಕ್ಕದಲ್ಲಿ ಜಿಪುಣತನ ಬೇಡ. ಬೀಮ್ ಕೋನ ಎಂದರೆ ಶಕ್ತಿ ಅರ್ಧಕ್ಕೆ ಇಳಿಯುವ ಗೆರೆ ಅಷ್ಟೇ, ಅದರಾಚೆಗೂ ಸಿಗ್ನಲ್ ಇರುತ್ತದೆ.

ಹಳೇ ನಾಝಲ್ಲೇ ಗತಿ ಎಂದಾದರೆ ಬ್ರಾಕೆಟ್ ಮೇಲೆ ಸ್ಟೇನ್‌ಲೆಸ್ ಶೀಟ್ ಒಂದನ್ನು ಓರೆಯಾಗಿ ವೆಲ್ಡ್ ಮಾಡಿಸಿ. ಚಪ್ಪಟೆ ಮೇಲ್ಮೈ ಸಿಗ್ನಲ್ಲನ್ನು ನೇರ ವಾಪಸ್ ಕಳಿಸುತ್ತದೆ, ಓರೆ ಶೀಟ್ ಅದನ್ನು ಪಕ್ಕಕ್ಕೆ ಚದುರಿಸುತ್ತದೆ. ಟ್ಯಾಂಕ್ ತೊಳೆದು, ಗ್ಯಾಸ್ ಟೆಸ್ಟ್ ಮಾಡಿ, ಪರ್ಮಿಟ್ ಪಡೆಯದೆ ಒಳಗೆ ಯಾರನ್ನೂ ಇಳಿಸಬೇಡಿ.

ಮ್ಯಾಪಿಂಗ್ ಇದೆಲ್ಲ ಮುಗಿದ ಮೇಲೆ. ಟ್ಯಾಂಕ್ ಖಾಲಿ ಇರಬೇಕು, ಅಜಿಟೇಟರ್ ತಿರುಗುತ್ತಿರಬೇಕು, ಮ್ಯಾಪ್ ದೂರ ಉಳಿದ ಎಣ್ಣೆಗಿಂತ ಅರ್ಧ ಮೀಟರ್ ಮೇಲೆಯೇ ನಿಲ್ಲಬೇಕು. ಅರ್ಧ ತುಂಬಿದ ಟ್ಯಾಂಕಿನಲ್ಲಿ ಪೂರ್ತಿ ದೂರಕ್ಕೆ ಮ್ಯಾಪ್ ಮಾಡಿದರೆ ನಿಜವಾದ ಲೆವೆಲ್ಲನ್ನೇ ಅಳಿಸಿಹಾಕಿದಂತೆ, ಮುಂದೆ ಎಣ್ಣೆ ಆ ಎತ್ತರಕ್ಕೆ ಬಂದಾಗಲೆಲ್ಲ ರೀಡಿಂಗ್ ತಪ್ಪುತ್ತದೆ. ಸೆನ್ಸರನ್ನು ತಿರುಗಿಸಿದರೂ ಸರಿ, ಜಾಗ ಬದಲಿಸಿದರೂ ಸರಿ, ಹಳೇ ಮ್ಯಾಪ್ ಅಳಿಸಿ ಹೊಸದು ತೆಗೆಯಿರಿ. ಆಮೇಲೆ ಎಣ್ಣೆಯನ್ನು ನಿಧಾನಕ್ಕೆ ಏರಿಸುತ್ತ 3.2ರಿಂದ 3.6 ಮೀಟರ್ ನಡುವೆ ಪ್ರತಿ 10 ಸೆಂ.ಮೀ.ಗೆ ಡಿಪ್ ಟೇಪ್ (ಎಣ್ಣೆಗೆ ಇಳಿಬಿಟ್ಟು ಅಳೆಯುವ ಟೇಪು) ಜೊತೆ ರೀಡಿಂಗ್ ತಾಳೆ ನೋಡಿ.