ಮೂರು ಸಲ ಅಲೈನ್‌ಮೆಂಟ್ ಆದರೂ ಗಾಡಿ ಎಡಕ್ಕೇ ಎಳೆಯುತ್ತದೆ, ಯಾಕೆ?

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಸಣ್ಣ ಕಾರು. ಸ್ಟೀರಿಂಗ್ ಹಿಡಿತ ಸಡಿಲ ಬಿಟ್ಟರೆ ಎಡಕ್ಕೆ ಹೋಗುತ್ತದೆ. ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಈಗ ನಾಲ್ಕೂ ಟೈರ್ ಬದಲಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ನಾಲ್ಕನೇ ಸಲ ಮಾಡಿಸಬೇಡಿ, ಟೈರನ್ನೂ ಈಗಲೇ ಕೊಳ್ಳಬೇಡಿ. ಊರು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ.

ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಅಂಗಡಿಯವರು ತಿರುಗಿಸಿ ಹೊಂದಿಸುವುದು ಮುಂದಿನ ಚಕ್ರಗಳ ಟೋ ಒಂದನ್ನೇ. ಅಂದರೆ ಚಕ್ರಗಳ ಮೂತಿ ಎಷ್ಟು ಒಳಗೆ, ಎಷ್ಟು ಹೊರಗೆ ಅನ್ನುವುದನ್ನು. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವುದು), ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದೆ ಮುಂದೆ ವಾಲಿರುವುದು) ಕಂಪನಿ ಕೊಟ್ಟ ಹಾಗೇ ಉಳಿಯುತ್ತವೆ. ಟೋ ತಪ್ಪಿದರೆ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ, ಟೈರ್ ಅಂಚು ತಿಂದುಹೋಗುತ್ತದೆ. ಒಂದು ಚಕ್ರ ಅರ್ಧ ಡಿಗ್ರಿ ತಿರುಗಿದ್ದರೂ ಕಿಲೋಮೀಟರಿಗೆ ಎಂಟೂವರೆ ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. ಆದರೆ ಗಾಡಿ ಒಂದೇ ಕಡೆ ಎಳೆಯುವುದಕ್ಕೆ ಮುಂದಿನ ಟೋ ಕಾರಣವಾಗುವುದು ಅಪರೂಪ. ಓಡುವಾಗ ಎರಡೂ ಚಕ್ರಗಳು ಆ ತಪ್ಪನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಮೂರು ಸಲ ಟೋ ಸರಿಮಾಡಿ ಮೂರು ಸಲ ದುಡ್ಡು ತೆಗೆದುಕೊಂಡವರು ಇದನ್ನು ಹೇಳಬೇಕಿತ್ತು.

ಮೊದಲು ರಸ್ತೆಯನ್ನು ನೋಡಿ. ಮಳೆನೀರು ಹರಿಯಲೆಂದು ಅಂಚಿನ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಎಡಕ್ಕೆ ಓಡಿಸುವ ನಮ್ಮಲ್ಲಿ ಸರಿಯಿರುವ ಗಾಡಿಯೂ ಚೂರು ಎಡಕ್ಕೆ ವಾಲುತ್ತದೆ. ಸಮತಟ್ಟಾದ ಜಾಗದಲ್ಲಿ ಓಡಿಸಿ ನೋಡಿ. ಆಮೇಲೆ ಟೈರ್ ತಣ್ಣಗಿರುವಾಗ ಎರಡೂ ಬದಿಯ ಹವಾ ಸಮನಾಗಿದೆಯೇ ಅಳೆಯಿರಿ. ನಂತರ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿಸಿ (ಟೈರ್ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಬೇಡ). ಎಳೆತ ಬಲಕ್ಕೆ ಹೋದರೆ ತಪ್ಪು ಟೈರಿನದು. ಆ ಜೋಡಿಯನ್ನು ಹಿಂದಕ್ಕೆ ಹಾಕಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಹಾಗೆಯೇ ಎಡಕ್ಕೇ ಎಳೆಯುತ್ತಿದ್ದರೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ರಿಮ್‌ಗಳ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ. ಎಡದ್ದು ಬಲದ್ದಕ್ಕಿಂತ ತೀರ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಬಿಚ್ಚಿಸಿ. ಆಮೇಲೆ ಗಾಡಿ ಜಾಕ್ ಮೇಲೆತ್ತಿ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಲು ಮಿಸ್ತ್ರಿಗೆ ಹೇಳಿ: ಕಟಕಟ ಅಂದರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು) ಸವೆದಿರಬಹುದು. ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಬುಷ್‌ನ ರಬ್ಬರ್ ಸೀಳಿದ್ದರೆ ಕಣ್ಣಿಗೇ ಕಾಣುತ್ತದೆ. ಇವನ್ನು ಬದಲಿಸದೆ ಮಾಡುವ ಅಲೈನ್‌ಮೆಂಟ್ ಅಂಗಡಿಯ ಗೇಟು ದಾಟುವವರೆಗೂ ನಿಲ್ಲುವುದಿಲ್ಲ.

ಇಷ್ಟೂ ಸರಿಯಿದ್ದರೆ ಮಾತ್ರ ಮಷಿನ್ ಹತ್ತಿರ ಹೋಗಿ. ಮೊದಲಿನ ಅಳತೆ, ನಂತರದ ಅಳತೆ, ಎರಡರ ಪ್ರಿಂಟೂ ಕೇಳಿ. ಎಡಬಲದ ಕ್ಯಾಂಬರ್ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಯಾವುದೋ ಗುಂಡಿಗೆ ಬಿದ್ದು ಒಂದು ಭಾಗ ಬಾಗಿದೆ ಎಂದು ಅನುಮಾನಿಸಿ. ‘ಪ್ರಿಂಟರ್ ಕೆಟ್ಟಿದೆ ಸರ್’ ಅನ್ನುವ ಕಡೆ ನಾನಂತೂ ಗಾಡಿ ಬಿಡುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಟೈರ್ ಸಿಡಿಯದಂತೆ ಹವಾ ಕಡಿಮೆ ಇಡಬೇಕಂತೆ. ಎಷ್ಟು?
– ಶಹಾಬಾದ್

ಉತ್ತರ: ಒಂದು ಪಿಎಸ್‌ಐಯನ್ನೂ (ಹವಾ ಒತ್ತಡದ ಅಳತೆ) ಕಡಿಮೆ ಮಾಡಬೇಡಿ. ಈ ಸುಳ್ಳು ಪ್ರತಿ ಏಪ್ರಿಲ್‌ನಲ್ಲಿ ಎದ್ದು ಕೂರುತ್ತದೆ. ಹವಾ ಕಡಿಮೆಯಾದ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಆ ಬಾಗುವಿಕೆಯೇ ಒಳಗೆ ಕಾವು ಹುಟ್ಟಿಸುತ್ತದೆ. ಹೊರಗೆ ನಮ್ಮ 42 ಡಿಗ್ರಿ ಬಿಸಿಲು, ಒಳಗೆ ಈ ಕಾವು. ಟೈರ್ ಸಿಡಿಯಲು ಇನ್ನೇನು ಬೇಕು? ಚಾಲಕನ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿರುವ ಅಂಕಿಯಷ್ಟೇ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ. ಓಡಿ ಬಂದ ಟೈರಿನಲ್ಲಿ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಆ ಹೆಚ್ಚಿನ ಹವಾ ಹೊರಗೆ ಬಿಡಬೇಡಿ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಗಾಡಿ ಹಗುರ ಓಡುತ್ತದೆಯೇ?

ಉತ್ತರ: ಸಾದಾ ಹವೆಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಆ ದುಡ್ಡಲ್ಲಿ ಹವಾ ಅಳೆಯುವ ಒಂದು ಗೇಜ್ ಕೊಳ್ಳಿ.

ಪ್ರಶ್ನೆ: 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಬೇಕೇ?
– ಆಳಂದ

ಉತ್ತರ: ಅದು ಬ್ಯಾಲೆನ್ಸಿಂಗ್ ಕೆಲಸ, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಅದಕ್ಕೂ ಮುಂಚೆ ರಿಮ್ ಒಳಬದಿ ನೋಡಿ. ಮಳೆಗಾಲದಲ್ಲಿ ಹೊಲದ ದಾರಿಯ ಎರೆಮಣ್ಣು ಅಂಟಿ ಒಣಗಿದ್ದರೆ ಅದೇ ನಡುಕಕ್ಕೆ ಸಾಕು. ತೊಳೆದು ಓಡಿಸಿ.

ಪ್ರಶ್ನೆ: 185/65 ಆರ್15 ಟೈರ್ ಬದಲು ಅಗಲದ 205/65 ಹಾಕಿಸಿದರೆ ಹಿಡಿತ ಹೆಚ್ಚುತ್ತದಂತೆ?
– ಸೇಡಂ

ಉತ್ತರ: ನೋಡಲು ಚೆಂದ. ಚಕ್ರದ ಎತ್ತರ 26 ಮಿಲಿಮೀಟರ್ ಏರುತ್ತದೆ, ಮೀಟರ್ 80 ತೋರಿಸುವಾಗ ಗಾಡಿ ಸುಮಾರು ಮೂರು ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ತಾಗಬಹುದು. ಕಂಪನಿ ಕೈಪಿಡಿಯಲ್ಲಿ ಇಲ್ಲದ ಅಳತೆಗೆ ನಾನು ಹೂಂ ಅನ್ನುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟೈರ್ ಅಗ್ಗಕ್ಕೆ ಸಿಗುತ್ತಿದೆ, ಗ್ರಿಪ್ ಹೊಸದರಂತಿದೆ. ತೆಗೆದುಕೊಳ್ಳಲೇ?

ಉತ್ತರ: ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಗೆರೆ ಕೊರೆದು ಕಪ್ಪು ಬಳಿದರೂ ಹೊಸದರಂತೆ ಕಾಣುತ್ತದೆ. ಹಾಗೆ ಕೊರೆದ ಕಡೆ ರಬ್ಬರ್ ತೆಳ್ಳಗಾಗಿ ಒಳಗಿನ ತಂತಿಗೆ ಹತ್ತಿರವಾಗಿರುತ್ತದೆ. ಪಕ್ಕದಲ್ಲಿ ನಾಲ್ಕಂಕಿ ಹುಡುಕಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆ ಅಂಕಿಯನ್ನು ಉಜ್ಜಿ ಅಳಿಸಿದ್ದರೆ ಬೆಲೆ ಕೇಳದೆ ಎದ್ದು ಬನ್ನಿ.